ಎಳೆಯಲಾರದ ಡೀಸೆಲ್ ಗಾಡಿಯ ರೋಗನಿದಾನ

ನಿಂತಲ್ಲಿ ನಿರಾತಂಕವಾಗಿ ಓಡುತ್ತ, ಊರೊಳಗಿನ ಸಂಚಾರದಲ್ಲಿ ಯಾವೊಂದು ದೋಷವನ್ನೂ ತೋರದೆ, ತುಮಕೂರು ದಾಟಿದ ಹೆದ್ದಾರಿಯಲ್ಲಿಯೋ ಶಿರಾಡಿಯ ಏರಿನಲ್ಲಿಯೋ ಎಂಜಿನ್ನಿನ ವೇಗವು ನಿಮಿಷಕ್ಕೆ ಮೂರು ಸಾವಿರ ಸುತ್ತುಗಳನ್ನು ಮೀರಬೇಕಾದ ಗಳಿಗೆಯಲ್ಲಿ ಮಾತ್ರ ಬಲಗುಂದಿ ಹಿಂಜರಿಯುವ ಡೀಸೆಲ್ ಕಾರು, ಗ್ಯಾರೇಜಿನ ಮೇಸ್ತ್ರಿಯ ಬುದ್ಧಿಯನ್ನು ಪರೀಕ್ಷಿಸುವಷ್ಟು ಬೇರಾವ ಗಾಡಿಯೂ ಪರೀಕ್ಷಿಸಲಾರದು. "ಗಾಡಿ ಎಳೀತಿಲ್ಲ" ಎಂದು ಒಡೆಯನು ಎರಡೇ ಮಾತಿನಲ್ಲಿ ಒಪ್ಪಿಸುವ ಈ ದೂರಿನ ಹಿಂದೆ ಹತ್ತಾರು ಕಾರಣಗಳು ಅಡಗಿರಬಹುದು; ಅವುಗಳಲ್ಲಿ ಕೆಲವು ಅಲ್ಪ ಬೆಲೆಯ ರಬ್ಬರು ಕೊಳವೆಯೊಂದರಿಂದ ಪರಿಹಾರವಾಗತಕ್ಕವು, ಕೆಲವು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ, ಹತ್ತಾರು ಸಾವಿರ ರೂಪಾಯಿಗಳ ಟರ್ಬೊವನ್ನೇ ಬೇಡತಕ್ಕವು. ಇವುಗಳಲ್ಲಿ ಯಾವುದು ನಿಜವೆಂಬುದನ್ನು ಬಿಡಿಭಾಗವನ್ನು ಕೊಳ್ಳುವುದಕ್ಕೆ ಮೊದಲೇ ನಿರ್ಣಯಿಸುವ ಕೌಶಲವು ನಮ್ಮ ಊರೂರುಗಳ ಗ್ಯಾರೇಜುಗಳಲ್ಲಿ ಎಣ್ಣೆಮಸಿಯ ಕೈಗಳಲ್ಲಿ ಉಳಿದು ಬೆಳೆದಿರುವ ಒಂದು ಉತ್ತಮ ವಿದ್ಯೆಯಾಗಿದ್ದು, ಅದಕ್ಕೆ ಸಲ್ಲಬೇಕಾದ ಗೌರವವು ಇನ್ನೂ ಸಂದಿಲ್ಲ.

ಜರ್ಮನಿಯ ರುಡಾಲ್ಫ್ ಡೀಸೆಲನು 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಯಂತ್ರದ ತತ್ತ್ವವು ಇಂದಿನ ಕಾರಿನಲ್ಲಿಯೂ ಅದೇ ಆಗಿದೆ. ಇಲ್ಲಿ ಕಿಡಿಯಿಲ್ಲ, ಗಾಳಿಯನ್ನು ಬಲವಾಗಿ ಸಂಪೀಡಿಸಿದಾಗ ಹುಟ್ಟುವ ಉಷ್ಣದೊಳಕ್ಕೆ ಇಂಧನವನ್ನು ಸೂಕ್ಷ್ಮ ತುಂತುರಾಗಿ ಚಿಮ್ಮಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಚಿಮ್ಮಿಸಿದ ಇಂಧನದ ಪ್ರಮಾಣವನ್ನು ಅನುಸರಿಸಿ ಬಲವು ಹೆಚ್ಚುಕಡಿಮೆಯಾಗುತ್ತದೆ. ಒಂದು ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಬೇಕಾದರೆ ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ವಾಸ್ತವದಲ್ಲಿ ಹೊಗೆಯಿಲ್ಲದೆ ಉರಿಯಲು ಅದಕ್ಕಿಂತಲೂ ಹೆಚ್ಚು ಬೇಕು. ಆದಕಾರಣ ಬಲಹೀನತೆಯನ್ನು ವಿಚಾರಿಸುವವನು ಮೊಟ್ಟಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಗಾಳಿ ಸಾಲದೆ ಹೋಗಿದೆಯೆ, ಇಂಧನ ಸಾಲದೆ ಹೋಗಿದೆಯೆ, ಉರಿದ ಹೊಗೆ ಹೊರಹೋಗಲು ದಾರಿಯಿಲ್ಲದೆ ಹೋಗಿದೆಯೆ?

ಈ ಕೊರತೆಯು ಮೇಲ್ವೇಗದಲ್ಲಿ ಮಾತ್ರ ಏಕೆ ಕಾಣಿಸಿಕೊಳ್ಳಬೇಕೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ನಮ್ಮ ರಸ್ತೆಗಳಲ್ಲಿ ಲಕ್ಷಗಟ್ಟಲೆ ಓಡಿದ, ಮಾರುತಿ ಸ್ವಿಫ್ಟ್ ಮೊದಲಾದ ಕಾರುಗಳಲ್ಲಿದ್ದ ಫಿಯಟ್ ಮೂಲದ 1.3 ಲೀಟರ್ ಎಂಜಿನ್ನಿನ ಗಾತ್ರ 1248 ಘನ ಸೆಂಟಿಮೀಟರು. ಅದು ನಿಮಿಷಕ್ಕೆ 800 ಸುತ್ತು ತಿರುಗುತ್ತ ನಿಂತಿರುವಾಗ ಸುಮಾರು 500 ಲೀಟರಿನಷ್ಟು ಗಾಳಿಯನ್ನು ಒಳಗೆಳೆದುಕೊಂಡರೆ, 4000 ಸುತ್ತಿನಲ್ಲಿ ಸುಮಾರು 2500 ಲೀಟರು ಬೇಕಾಗುತ್ತದೆ. ಟರ್ಬೊ ತನ್ನ ಒತ್ತಡವನ್ನು ಕೂಡಿಸಿದಾಗ ಅದರ ಇಮ್ಮಡಿಗೆ ಸಮೀಪಿಸುತ್ತದೆ. ಇಂಧನದ ವ್ಯತ್ಯಾಸ ಇದಕ್ಕಿಂತಲೂ ದೊಡ್ಡದು: ನಿಂತಲ್ಲಿ ಓಡುವಾಗಿನ ಖರ್ಚಿಗಿಂತ ಪೂರ್ಣಭಾರದ ಖರ್ಚು ಇಪ್ಪತ್ತು ಪಟ್ಟಿಗೂ ಮಿಗಿಲು. ಒಂದು ಬಿಂದಿಗೆ ತುಂಬಲು ಸಾಕಾಗುವ ನಲ್ಲಿಯ ಧಾರೆ ಮದುವೆಯ ಮನೆಗೆ ಸಾಲದಿರುವಂತೆ, ಅರ್ಧ ಕಟ್ಟಿಕೊಂಡ ಫಿಲ್ಟರು ಊರ ಸಂಚಾರಕ್ಕೆ ಸಾಕಾಗಿ ಹೆದ್ದಾರಿಗೆ ಸಾಲದೆ ಹೋಗುತ್ತದೆ. ಅಷ್ಟಲ್ಲದೆ, 4000 ಸುತ್ತಿನಲ್ಲಿ ಪ್ರತಿಯೊಂದು ಸಿಲಿಂಡರಿಗೂ ಸೆಕೆಂಡಿಗೆ ಮೂವತ್ತಮೂರು ಸಲ ಇಂಧನ ಚಿಮ್ಮಬೇಕು. ಒಂದೆರಡು ಸಾವಿರಾಂಶ ಸೆಕೆಂಡಿನೊಳಗೆ ಮುಗಿಯಬೇಕಾದ ಆ ಕ್ರಿಯೆಯಲ್ಲಿ ತಪ್ಪಿಗೆ ಎಡೆಯೇ ಇಲ್ಲ.

ಒಳ್ಳೆಯ ಮೇಸ್ತ್ರಿಯು ಬಾನೆಟ್ಟನ್ನು ಎತ್ತುವುದಕ್ಕೆ ಮುಂಚೆಯೇ ಕೆಲವು ಸರಳ ಸಂಗತಿಗಳನ್ನು ಪರಿಹರಿಸಿಕೊಳ್ಳುತ್ತಾನೆ. ಎಂಜಿನ್ನಿನ ಸುತ್ತು ಏರುತ್ತಿದ್ದೂ ಗಾಡಿಯ ವೇಗ ಮಾತ್ರ ಏರದಿದ್ದರೆ ದೋಷವಿರುವುದು ಕ್ಲಚ್ಚಿನಲ್ಲಿ, ಎಂಜಿನ್ನಿನಲ್ಲಲ್ಲ. ಕಾಲಡಿಯ ದಪ್ಪ ಮ್ಯಾಟೊಂದು ಆಕ್ಸಿಲರೇಟರ್ ಪೆಡಲನ್ನು ಪೂರ್ಣವಾಗಿ ಇಳಿಯಗೊಡದಿರುವುದೂ ಉಂಟು. ಬ್ರೇಕು ಬಿಗಿಹಿಡಿದು ಚಕ್ರ ಕಾದಿರುವುದೂ ಉಂಟು. ಮಡಿಕೇರಿಯ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಹತ್ತನೆಯ ಒಂದು ಪಾಲಿನಷ್ಟು ತೆಳುವಾಗಿರುವುದರಿಂದ ಟರ್ಬೊ ಇಲ್ಲದ ಹಳೆಯ ಡೀಸೆಲ್ ಗಾಡಿ ಅಲ್ಲಿ ತುಸು ಬಲಗುಂದುವುದು ಸಹಜಧರ್ಮವೇ ಹೊರತು ರೋಗವಲ್ಲ.

ಇದಾದ ಮೇಲೆ ಹೊಗೆಯ ಸಾಕ್ಷ್ಯ. ಪೂರ್ಣಭಾರದಲ್ಲಿ ಕರಿಹೊಗೆ ಕಕ್ಕುತ್ತ ಬಲಗುಂದುವ ಎಂಜಿನ್ನಿಗೆ ಬಹುಮಟ್ಟಿಗೆ ಗಾಳಿಯ ಕೊರತೆ. ಹೊಗೆಯೇ ಇಲ್ಲದೆ ಬಲಗುಂದುವುದಕ್ಕೆ ಬಹುಮಟ್ಟಿಗೆ ಇಂಧನದ ಕೊರತೆ. ತಲೆಮಾರುಗಳಿಂದ ಬಂದ ಈ ಸೂತ್ರವು ಹಳೆಯ ಗಾಡಿಗಳಲ್ಲಿ ಇಂದಿಗೂ ನಂಬತಕ್ಕದ್ದು. ಆದರೆ ಹೊಸ ಗಾಡಿಗಳಲ್ಲಿ, ಒಳಬರುವ ಗಾಳಿಯನ್ನು ಸೆನ್ಸರೊಂದು ಅಳೆದು ತಿಳಿಸಿದ ಕೂಡಲೆ, ಗಾಳಿಗೆ ತಕ್ಕಷ್ಟೇ ಇಂಧನವನ್ನು ಎಂಜಿನ್ನಿನ ಕಂಪ್ಯೂಟರು ತಾನಾಗಿ ಕಡಿತಗೊಳಿಸುವುದರಿಂದಲೂ, 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಕಾರುಗಳಲ್ಲಿ ಮಸಿಯನ್ನು ತಡೆಹಿಡಿಯುವ ಶೋಧಕವು ಹೊಗೆಕೊಳವೆಯಲ್ಲಿಯೇ ಇರುವುದರಿಂದಲೂ, ಕಣ್ಣಿಗೆ ಕಾಣುವ ಆ ಸಾಕ್ಷ್ಯವು ಅಳಿಸಿಹೋಗಿದೆ. ಆ ಸೆನ್ಸರಿನ ಮೇಲೆ ಧೂಳು ಕುಳಿತು ಅದು ಗಾಳಿಯನ್ನು ಕಡಿಮೆಯೆಂದು ವರದಿ ಮಾಡಿದರೂ ಸಾಕು, ಆರೋಗ್ಯವಂತ ಎಂಜಿನ್ನೇ ಬಲಹೀನವಾಗಿ ತೋರುವುದು.

ಗಾಳಿಯ ದಾರಿಯಲ್ಲಿ ಏರ್ ಫಿಲ್ಟರಿನ ಧೂಳು ಎಲ್ಲರಿಗೂ ತಿಳಿದದ್ದೇ. ಮೇಸ್ತ್ರಿಯ ನೈಪುಣ್ಯ ಪ್ರಕಟವಾಗುವುದು ಟರ್ಬೊದಿಂದಾಚೆಗೆ. ಸಂಪೀಡಿತವಾದ ಗಾಳಿಯು ತಣಿಯಲೆಂದು ಇಂಟರ್‌ಕೂಲರಿಗೆ ಹೋಗಿಬರುವ ದಪ್ಪ ರಬ್ಬರು ಕೊಳವೆಗಳಲ್ಲಿ ಒಂದು ಸೀಳು ಇದ್ದರೆ, ಒತ್ತಡವಿಲ್ಲದಾಗ ಅದು ಮುಚ್ಚಿಕೊಂಡು, ಒತ್ತಡ ಏರಿದಾಗ ಮಾತ್ರ ತುಟಿ ತೆರೆದು ಗಾಳಿಯನ್ನು ಹೊರಚೆಲ್ಲುತ್ತದೆ. ನಿಲ್ಲಿಸಿದ ಗಾಡಿಯಲ್ಲಿ ಎಷ್ಟು ದಿಟ್ಟಿಸಿದರೂ ಅದು ಕಾಣಿಸದು. ಕೊಳವೆಯ ಕೆಳಮೈಯಲ್ಲಿ ಎಣ್ಣೆಯ ಜಿಡ್ಡು ಹನಿಗಟ್ಟಿದ್ದರೆ, ವೇಗವೇರುವಾಗ ಸುಯ್ಯೆಂಬ ಶಬ್ದ ಕೇಳಿಸಿದರೆ, ಅನುಭವಿಯ ಬೆರಳು ಅಲ್ಲಿಗೇ ಹೋಗುತ್ತದೆ. ಕೊಳವೆಗಳಿಗೆ ಹದವಾಗಿ ಗಾಳಿ ತುಂಬಿ ಸಾಬೂನು ನೀರು ಬಳಿದರೆ ಸೀಳಿನ ಜಾಗದಲ್ಲಿ ನೊರೆಯೇಳುತ್ತದೆ. ಇನ್ನೊಂದು ದೋಷ ಮತ್ತಷ್ಟು ಗೂಢವಾದುದು: ಹೊರಗೆ ಗಟ್ಟಿಯಾಗಿ ತೋರುವ ಹಳೆಯ ಕೊಳವೆಯ ಒಳಪದರವು ಕಿತ್ತುಬಂದು, ಗಾಳಿಯ ಸೆಳೆತ ಹೆಚ್ಚಿದಾಗ ಒಳಗೇ ಮಡಚಿ ದಾರಿಗಟ್ಟುವುದು.

ಟರ್ಬೊದ ಅಲಗುಗಳ ಕೋನವನ್ನು ಬದಲಿಸುವ ಕೀಲುಗಳು ಮಸಿ ಹಿಡಿದು ಬಿಗಿದುಕೊಂಡರೆ ಮತ್ತೊಂದು ಬಗೆಯ ಉಪದ್ರವ. ಆಗ ಮೇಲ್ವೇಗದಲ್ಲಿ ಒತ್ತಡವು ಕಡಿಮೆಯಾಗುವ ಬದಲು ಮಿತಿಮೀರುತ್ತದೆ. ಎಂಜಿನ್ನನ್ನು ಉಳಿಸಿಕೊಳ್ಳಲೆಂದು ಕಂಪ್ಯೂಟರು ಬಲವನ್ನು ಹಠಾತ್ತನೆ ಮೊಟಕುಮಾಡಿ ಲಿಂಪ್ ಮೋಡಿಗೆ ಇಳಿಸುತ್ತದೆ. ಕೀಲಿಯನ್ನು ತಿರುಗಿಸಿ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಗಾಡಿ ಮೊದಲಿನಂತೆ ಎಳೆಯುವುದು ಈ ಸ್ಥಿತಿಯ ಬಲವಾದ ಲಕ್ಷಣ. ಇದಕ್ಕೆ ವಿರುದ್ಧವಾಗಿ, ಕೀಲನ್ನು ಎಳೆಯುವ ನಿರ್ವಾತದ ಸಣ್ಣ ನಳಿಕೆಯಲ್ಲಿ ಒಂದು ಬಿರುಕು ಬಿದ್ದರೆ ಒತ್ತಡವು ಸಾಲದೆ ಹೋಗುತ್ತದೆ; ಆಗ ದೋಷವಿರುವುದು ಟರ್ಬೊದಲ್ಲಲ್ಲ, ಆ ನಳಿಕೆಯಲ್ಲಿ.

ಇಂಧನದ ಕಡೆಯ ವಿದ್ಯೆಗೆ ನಮ್ಮ ನಾಡಿನಲ್ಲಿ ಒಂದು ಪರಂಪರೆಯೇ ಉಂಟು. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ, ಮೈಕೋ ಎಂಬ ಹೆಸರಿನಿಂದ ಮನೆಮಾತಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಮರುನಾಮಕರಣಗೊಂಡ ಕಾರ್ಖಾನೆಯು ಇಂಧನ ಪಂಪುಗಳನ್ನೂ ನಾಝಲುಗಳನ್ನೂ ದೇಶಕ್ಕೆಲ್ಲ ಒದಗಿಸಿತು. ಅವುಗಳನ್ನು ಬಿಚ್ಚಿ ಅಳೆದು ಹದಗೊಳಿಸುವ ಪಂಪ್ ರೂಮುಗಳು ಅದರ ಹಿಂದೆಯೇ ಊರೂರುಗಳಲ್ಲಿ ತಲೆಯೆತ್ತಿದವು. ಪಂಪಿನೊಳಗಿನ ಭಾಗಗಳ ನಡುವಣ ಸಂದು ಕೆಲವೇ ಮೈಕ್ರಾನುಗಳಷ್ಟಿರುವುದರಿಂದ ಆ ಕೋಣೆಯಲ್ಲಿ ಧೂಳಿಗೆ ಪ್ರವೇಶವಿಲ್ಲ. ಪರೀಕ್ಷಾಯಂತ್ರದ ಮೇಲೆ ಸಾಲಾಗಿ ನಿಂತ ಗಾಜಿನ ಅಳತೆಗೊಳವೆಗಳಲ್ಲಿ ಪ್ರತಿಯೊಂದು ಸಿಲಿಂಡರಿನ ಪಾಲೂ ಸಮಮಟ್ಟಕ್ಕೆ ಬರುವವರೆಗೆ ತಿರುಪುಗಳನ್ನು ತಿದ್ದುವ ಅಲ್ಲಿಯ ಕೆಲಸಗಾರರ ತಾಳ್ಮೆ ಯಾವ ಶಿಲ್ಪಿಯದಕ್ಕೂ ಕಡಮೆಯದಲ್ಲ.

ಆದರೆ ಪಂಪನ್ನು ಬಿಚ್ಚುವುದು ಕೊನೆಯ ಹೆಜ್ಜೆ. ಅದಕ್ಕೆ ಮುಂಚೆ ಫಿಲ್ಟರು, ಅದರಡಿ ಸಂಗ್ರಹವಾದ ನೀರು, ಟ್ಯಾಂಕಿನ ತಳದ ಜಾಲರಿ ಇವುಗಳನ್ನು ನೋಡಬೇಕು. ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದೊಡನೆ ಬಲ ಮರಳಿದರೆ ಟ್ಯಾಂಕು ಉಸಿರಾಡುವ ರಂಧ್ರ ಕಟ್ಟಿದೆಯೆಂದು ತಿಳಿಯಬೇಕು. ಫಿಲ್ಟರಿನ ಬಳಿ ಪಾರದರ್ಶಕ ಕೊಳವೆಯ ತುಂಡೊಂದನ್ನು ಜೋಡಿಸಿ ಎಂಜಿನ್ನನ್ನು ಏರಿಸಿದಾಗ ಗುಳ್ಳೆಗಳು ಹರಿದುಬಂದರೆ ಎಲ್ಲಿಯೋ ಏರ್ ಹಿಡಿಯುತ್ತಿದೆ. ರೇಲೆಂಬ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರುಗಳಿಗೂ ಇಂಧನ ಹಂಚುವ ಕಾಮನ್ ರೇಲ್ ವಿಧಾನದ ಎಂಜಿನ್ನುಗಳಲ್ಲಿ, ಇಂಜೆಕ್ಟರುಗಳಿಂದ ಹಿಂದಿರುಗುವ ಇಂಧನವನ್ನು ಬೇರೆಬೇರೆ ಸೀಸೆಗಳಲ್ಲಿ ಹಿಡಿದು ಹೋಲಿಸಿದರೆ, ಸವೆದ ಇಂಜೆಕ್ಟರು ತನ್ನ ಸೀಸೆಯನ್ನು ಎಲ್ಲಕ್ಕಿಂತ ಬೇಗ ತುಂಬಿಸಿ ತಾನೇ ಸಿಕ್ಕಿಬೀಳುತ್ತದೆ. ಇಲ್ಲೊಂದು ಎಚ್ಚರಿಕೆ ಅತ್ಯಗತ್ಯ: ಈ ಎಂಜಿನ್ನುಗಳ ರೇಲಿನಲ್ಲಿ ಇಂಧನದ ಒತ್ತಡ 1600 ಬಾರ್‌ವರೆಗೂ ಏರುವುದರಿಂದ, ಸೋರಿಕೆಯನ್ನು ಕೈಯಿಂದ ತಡವಿ ಹುಡುಕಕೂಡದು, ಕಣ್ಣಿಗೆ ಕಾಣದ ಎಳೆಯು ಚರ್ಮವನ್ನು ತೂರಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಹೊರದಾರಿಯ ವಿಷಯ ಹೆಚ್ಚಿಲ್ಲ. ಮಸಿ ತುಂಬಿದ ಶೋಧಕವಾಗಲಿ ಕರಗಿದ ಕನ್ವರ್ಟರಾಗಲಿ ದಾರಿಗಟ್ಟಿದರೆ ಒತ್ತಡದ ಮಾಪಕವನ್ನಿಟ್ಟು ಅಳೆದು ನಿಶ್ಚಯಿಸಬಹುದು.

ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರೆಂಬ ಉಪಕರಣ ಬಂದ ಮೇಲೆ ಈ ವಿದ್ಯೆ ಅಳಿಯಿತೆಂದು ಭಾವಿಸುವವರಿದ್ದಾರೆ. ನನ್ನ ಅಭಿಪ್ರಾಯ ಹಾಗಿಲ್ಲ. ಸ್ಕ್ಯಾನರು ಹೇಳುವ ಸಂಕೇತಸಂಖ್ಯೆಯು "ಟರ್ಬೊ ಒತ್ತಡ ಕಡಿಮೆ" ಎನ್ನುತ್ತದೆಯೇ ಹೊರತು ಟರ್ಬೊ ಕೆಟ್ಟಿದೆಯೆನ್ನುವುದಿಲ್ಲ; ಆ ಸಂಖ್ಯೆಯನ್ನೇ ತೀರ್ಪೆಂದು ತಿಳಿದು ದುಬಾರಿಯ ಭಾಗಗಳನ್ನು ಒಂದಾದ ಮೇಲೊಂದು ಬದಲಿಸುವ ಪದ್ಧತಿಯು ಅಜ್ಞಾನದ ಕೆಲಸ, ಮಾಲೀಕನಿಗೆ ಮಾಡುವ ಅನ್ಯಾಯ. ಉಪಕರಣವನ್ನು ಜೋಡಿಸಿಕೊಂಡೇ ರಸ್ತೆಗಿಳಿದು, ಮೂರನೆಯ ಗೇರಿನಲ್ಲಿ ಏರಿನ ಮೇಲೆ ಪೂರ್ಣ ಆಕ್ಸಿಲರೇಟರ್ ಕೊಟ್ಟು, ಕಂಪ್ಯೂಟರು ಬೇಡಿದ ಗಾಳಿಯ ಒತ್ತಡಕ್ಕೂ ದೊರೆತ ಒತ್ತಡಕ್ಕೂ, ಬೇಡಿದ ರೇಲ್ ಒತ್ತಡಕ್ಕೂ ದೊರೆತದ್ದಕ್ಕೂ ಇರುವ ಅಂತರವನ್ನು ಓದಬಲ್ಲವನೇ ನಿಜವಾದ ಪರೀಕ್ಷಕ. ಹಿಂದೆ ಹೊಗೆಯ ಬಣ್ಣ ಹೇಳುತ್ತಿದ್ದುದನ್ನು ಇಂದು ಈ ಅಂತರ ಹೇಳುತ್ತಿದೆ. ಅದರಿಂದ ಕಾರಣವನ್ನು ಊಹಿಸಿ ಸಾಬೀತುಪಡಿಸುವ ಕೆಲಸ ಇಂದಿಗೂ ಮನುಷ್ಯನದೇ.

ಡೀಸೆಲ್ ಕಾರಿನ ಮಾಲೀಕರಲ್ಲಿ ನನ್ನ ಬಿನ್ನಹವಿಷ್ಟೆ. ಬಲ ಕುಂದುವುದು ಯಾವ ಗೇರಿನಲ್ಲಿ, ಎಷ್ಟು ಸುತ್ತಿನಲ್ಲಿ, ಎಂಜಿನ್ನು ಬಿಸಿಯಾದ ಮೇಲೋ ಮುಂಚೆಯೋ, ನಿಲ್ಲಿಸಿ ಚಾಲೂ ಮಾಡಿದರೆ ಸರಿಹೋಗುವುದೋ ಇಲ್ಲವೋ ಎಂಬುದನ್ನು ಗಮನಿಸಿಟ್ಟುಕೊಂಡು ಗ್ಯಾರೇಜಿಗೆ ಹೋಗಿರಿ. ದಾಖಲಾದ ದೋಷಗಳು ಅಳಿಸಿಹೋಗದಂತೆ ಬ್ಯಾಟರಿಯನ್ನು ಬಿಚ್ಚದಿರಿ. ಮೇಸ್ತ್ರಿಯೊಡನೆ ಒಂದು ಸುತ್ತು ರಸ್ತೆಯಲ್ಲಿ ಕುಳಿತು ಬನ್ನಿರಿ. ಯಾವ ಬಿಡಿಭಾಗವನ್ನೂ ಮಾರದೆ ಬರಿಯ ಪರೀಕ್ಷೆಗೆ ಅವನು ವ್ಯಯಿಸಿದ ಎರಡು ಗಂಟೆಗಳಿಗೆ, ಚೌಕಾಸಿ ಮಾಡದೆ, ಪೂರ್ಣ ಕೂಲಿಯನ್ನು ಕೊಡಿರಿ.