ಅಂಗಡಿಗಳ ಮೇಲೆ ಅರಳಿದ ಮಸೀದಿ

ಇಸ್ತಾಂಬುಲ್‌ನ ಎಮಿನೋನು ನಿಲ್ದಾಣದಲ್ಲಿ ಟ್ರಾಮ್ ಇಳಿದು, ಮಸಾಲೆ ಮಾರುಕಟ್ಟೆಯ ಮಗ್ಗುಲಿನ ಹಸಿರ್‌ಜಿಲರ್ ಬೀದಿಗೆ ಹೊಕ್ಕರೆ ಮೊದಲು ಮೂಗಿಗೆ ಬಡಿಯುವುದು ಹುರಿದ ಕಾಫಿಯ ಘಮ. 1871ರಲ್ಲಿ ಶುರುವಾದ ಮೆಹ್ಮೆತ್ ಎಫೆಂದಿ ಕಾಫಿಪುಡಿ ಅಂಗಡಿ ಬೀದಿಯ ಬಾಯಲ್ಲೇ ಇದೆ. ಅಲ್ಲಿಂದ ಮುಂದೆ ಆಲಿವ್, ಚೀಸು, ಒಣಹಣ್ಣು, ಮರದ ಸೌಟು, ಪ್ಲಾಸ್ಟಿಕ್ ಬುಟ್ಟಿ, ಕೈಗಾಡಿ ತಳ್ಳುವವರ ಕೂಗು. ಹೆಸರಿಗೆ ಮಾತ್ರ ಇದು ಚಾಪೆ ಹೆಣೆಯುವವರ ಬೀದಿ. ಈಗ ಸಿಗದ ಸಾಮಾನಿಲ್ಲ. ಈ ನೂಕುನುಗ್ಗಲಿನಲ್ಲಿ ರುಸ್ತೆಮ್ ಪಾಷಾ ಮಸೀದಿಯ ಬಾಗಿಲನ್ನು ಹುಡುಕುವುದೇ ಒಂದು ಕೆಲಸ. ಎರಡು ಅಂಗಡಿಗಳ ನಡುವೆ ಒಂದು ಸಣ್ಣ ಕಮಾನು, ಒಳಗೆ ಮಬ್ಬುಗತ್ತಲಲ್ಲಿ ಮೇಲಕ್ಕೇರುವ ಕಲ್ಲಿನ ಮೆಟ್ಟಿಲು, ಅಷ್ಟೇ. ಕಾಫಿಪುಡಿ ಕೊಂಡು ಹಾಗೆಯೇ ಮುಂದೆ ಹೋಗಿಬಿಡುವ ಪ್ರವಾಸಿಗರೇ ಹೆಚ್ಚು.

ಮೆಟ್ಟಿಲು ಹತ್ತಿದರೆ ತೆರೆದ ಜಗಲಿ. ಕಾಲಡಿಯಲ್ಲಿ ಅಂಗಡಿಗಳು, ಉಗ್ರಾಣಗಳು; ಅವುಗಳ ಕಮಾನು ಚಾವಣಿಯ ಮೇಲೆ ಮಸೀದಿ. ಬಂದರಿಗೆ ಹತ್ತಿರದ ಈ ವ್ಯಾಪಾರದ ಕೇರಿಯಲ್ಲಿ ಹದಿನಾರನೆಯ ಶತಮಾನದಲ್ಲೂ ಗೇಣು ಜಾಗಕ್ಕೆ ಬೆಲೆಯಿತ್ತು. ಆಟೊಮನ್ ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿ ಸಿನಾನ್ ಇಕ್ಕಟ್ಟಿನ ಆ ನೆಲದಲ್ಲಿ ಕಟ್ಟಡವನ್ನೇ ಮೇಲಕ್ಕೆತ್ತಿದ. ಮೇಲೆ ಬೆಳಕು, ಗಾಳಿ, ದೂರದಿಂದ ಕಾಣುವ ಗುಮ್ಮಟ, ಕೆಳಗೆ ಬಾಡಿಗೆ. ಆ ಬಾಡಿಗೆ ವಕ್ಫಿಗೆ ಸೇರಿ, ದೀಪದೆಣ್ಣೆಯಿಂದ ಹಿಡಿದು ಸಿಬ್ಬಂದಿಯ ಸಂಬಳದವರೆಗಿನ ಖರ್ಚಿಗೆ ಒದಗಬೇಕೆಂಬುದು ಲೆಕ್ಕ. ದೇವರ ಮನೆಯನ್ನೂ ಸಂತೆಯನ್ನೂ ಒಂದೇ ಪಾಯದ ಮೇಲೆ ನಿಲ್ಲಿಸಿದ ಈ ಜಾಣತನಕ್ಕೆ ಸಿನಾನನ ದೊಡ್ಡ ಗುಮ್ಮಟಗಳಿಗೆ ಸಿಗುವ ಹೊಗಳಿಕೆ ಸಿಕ್ಕಿಲ್ಲ.

ರುಸ್ತೆಮ್ ಪಾಷಾ ಸುಲ್ತಾನ್ ಸುಲೇಮಾನನ ಅಳಿಯ, ಎರಡು ಬಾರಿ ಪ್ರಧಾನ ವಜೀರನಾದವನು. ಹುಟ್ಟಿದ್ದು ಬಾಲ್ಕನ್ ಸೀಮೆಯ ಕ್ರೈಸ್ತ ಮನೆಯಲ್ಲಿ. ಬಾಲಕನಾಗಿ ಅರಮನೆಯ ಚಾಕರಿಗೆ ಬಂದು ಮೇಲೇರಿದ. ಸುಲ್ತಾನನ ಮಗಳು ಮಿಹ್ರಿಮಾಳನ್ನು ಇವನಿಗೆ ಕೊಡುವ ಮಾತು ಬಂದಾಗ, ಅವನಿಗೆ ಕುಷ್ಠವಿದೆಯೆಂದು ಹಗೆಗಳು ಗುಲ್ಲೆಬ್ಬಿಸಿದರಂತೆ. ಪರೀಕ್ಷೆಗೆ ಹೋದ ವೈದ್ಯನಿಗೆ ಅವನ ಬಟ್ಟೆಯಲ್ಲಿ ಒಂದು ಹೇನು ಸಿಕ್ಕಿತು. ಕುಷ್ಠರೋಗಿಯ ಮೈಯಲ್ಲಿ ಹೇನು ನಿಲ್ಲುವುದಿಲ್ಲ ಎಂಬುದು ಆ ಕಾಲದ ನಂಬಿಕೆ. ಮದುವೆ ನಡೆಯಿತು, ಹೇನಿನ ಕತೆ ಊರ ಬಾಯಲ್ಲಿ ಉಳಿಯಿತು. ಕತೆ ನಿಜವೋ ಕಟ್ಟುಕತೆಯೋ, ಜನಕ್ಕೆ ಅವನ ಮೇಲೆ ಪ್ರೀತಿಯಂತೂ ಇರಲಿಲ್ಲ. 1553ರಲ್ಲಿ ರಾಜಕುಮಾರ ಮುಸ್ತಫಾನ ಕೊಲೆಯಾದಾಗ ಬೆರಳು ತೋರಿದ್ದು ಇವನ ಕಡೆಗೇ. ಹುದ್ದೆಗಳನ್ನು ಹಣಕ್ಕೆ ಮಾರಿದ, ಅಳತೆ ಮೀರಿ ಆಸ್ತಿ ಮಾಡಿದ ಎಂಬ ದೂರುಗಳೂ ಇದ್ದವು. 1561ರಲ್ಲಿ ಅವನು ಸತ್ತಾಗ ಮಸೀದಿ ಇನ್ನೂ ಮುಗಿದಿರಲಿಲ್ಲ. ಈ ಮಸೀದಿಯ ಗೋಡೆಗಳ ಮೇಲೆ ಇಷ್ಟು ಹೂ ಅರಳಿಸಿದ ಹಣ ಇಂಥವನದು ಎಂಬುದನ್ನು ಮರೆತು ಒಳಗೆ ಹೋಗುವುದು ನನಗೆ ಸಾಧ್ಯವಾಗುವುದಿಲ್ಲ. ಹಾಗಂತ ಹೂವಿನ ಬಣ್ಣವೇನೂ ಕಂದುವುದಿಲ್ಲ.

ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಕಟ್ಟಡವಲ್ಲ, ನೀಲಿ. ನಡುಗುಮ್ಮಟದ ಅಗಲ ಸುಮಾರು 15 ಮೀಟರ್, ಸಿನಾನನ ಮಟ್ಟಿಗೆ ಚಿಕ್ಕದು. ಎಂಟು ಮೂಲೆಯ ನಾಲ್ಕು ಕಂಬಗಳೂ ಎರಡು ಬದಿಯ ಗೋಡೆಗಳಿಂದ ಮುಂದೆ ಚಾಚಿದ ಆಧಾರಗಳೂ ಗುಮ್ಮಟವನ್ನು ಹೊತ್ತಿವೆ. ಆ ಕಂಬಗಳಿಗೂ, ಗೋಡೆಗಳಿಗೂ, ಮೆಕ್ಕಾದ ದಿಕ್ಕು ತೋರುವ ಮಿಹ್ರಾಬಿಗೂ, ಮೇಲಿನ ಉಪ್ಪರಿಗೆಗೂ ಇಜ್ನಿಕ್ ಊರಿನ ಟೈಲುಗಳ ಹೊದಿಕೆ. ವಿನ್ಯಾಸಗಳೇ ಸುಮಾರು 80 ಬಗೆ. ಟ್ಯೂಲಿಪ್, ಕಾರ್ನೇಷನ್, ಹಯಸಿಂತ್, ದಾಳಿಂಬೆ, ಗರಗಸದ ಅಂಚಿನ ಉದ್ದನೆಯ ಬಾಗುಎಲೆ. ಐದಾರು ವರ್ಷ ಮುಂಚೆ, 1557ರಲ್ಲಿ ಮುಗಿದ ಸುಲೇಮಾನಿಯೆ ಮಸೀದಿಯಲ್ಲಿ ಇದೇ ಸಿನಾನ್ ಮಿಹ್ರಾಬಿನ ಗೋಡೆಗೆ ಮಾತ್ರ ಟೈಲು ಹಚ್ಚಿ ಕೈತೊಳೆದುಕೊಂಡಿದ್ದ. ಇಲ್ಲಿಯಷ್ಟು ಧಾರಾಳ ಅವನು ಮುಂದೆಯೂ ತೋರಲಿಲ್ಲ.

ಒಂದು ಕಂಬದ ಹತ್ತಿರ, ಕಿಟಕಿಯ ಬೆಳಕು ಅಡ್ಡಲಾಗಿ ಬೀಳುವ ಕಡೆ ನಿಂತು ನೋಡಿ. ನೀಲಿ ಮತ್ತು ವೈಡೂರ್ಯದ ಬಣ್ಣ ಗಾಜಿನಡಿಯಲ್ಲಿ ಸಪಾಟಾಗಿ ಮಲಗಿವೆ. ಕೆಂಪು ಮಾತ್ರ ಉಬ್ಬಿ ನಿಂತಿದೆ, ಅದರ ಅಂಚಿನಲ್ಲಿ ಸಣ್ಣ ನೆರಳೂ ಉಂಟು. ಕೋಬಾಲ್ಟ್‌ನ ನೀಲಿ, ತಾಮ್ರದ ವೈಡೂರ್ಯವನ್ನು ತೆಳ್ಳಗೆ ಬಳಿಯಬಹುದು. ಕೆಂಪಿಗೆ ಬೇಕಾದದ್ದು ಕಬ್ಬಿಣದ ಅಂಶವಿರುವ ಜೇಡಿ. ಅದನ್ನು ದಪ್ಪಗೆ ಮೆತ್ತಬೇಕು, ತೆಳುವಾದರೆ ಸುಟ್ಟಾಗ ಕಂದಾಗಿಬಿಡುತ್ತದೆ. ಇಜ್ನಿಕ್‌ನ ಕುಂಬಾರರಿಗೆ ಈ ಕೆಂಪು ಒಲಿದಿದ್ದೇ ಸುಲೇಮಾನಿಯೆಯ ಕಾಲಕ್ಕೆ. ಹೆಚ್ಚೆಂದರೆ ಎರಡು ತಲೆಮಾರು ಅದು ಅವರ ಕೈಯಲ್ಲಿ ಚೆನ್ನಾಗಿ ಉಳಿಯಿತು. ಹೊಸದಾಗಿ ಒಲಿದ ಬಣ್ಣವನ್ನು ಪ್ರಯೋಗ ಮಾಡುತ್ತಿದ್ದ ಸಡಗರ ಈ ಗೋಡೆಗಳಲ್ಲಿದೆ: ಒಂದು ಕಡೆ ಕೆಂಪು ತೊಟ್ಟು ತೊಟ್ಟಾಗಿ, ಇನ್ನೊಂದು ಕಡೆ ಇಡೀ ಎಸಳು ತುಂಬ. ಬಾಗಿಲ ಎಡಕ್ಕೆ, ಹೊರಗಿನ ಮೊಗಸಾಲೆಯಲ್ಲಿರುವ ದೊಡ್ಡ ಫಲಕದಲ್ಲಿ ಇದಕ್ಕೆ ಹಿಂದಿನ ರುಚಿಯ ನಸುಹಸಿರು, ಬದನೆ ಬಣ್ಣಗಳಿವೆ. ಒಳಗೆ ಹೋಗುವ ಆತುರದಲ್ಲಿ ಅದನ್ನು ಬಿಟ್ಟುಬಿಡಬೇಡಿ.

ಇಜ್ನಿಕ್ ಇಸ್ತಾಂಬುಲ್‌ನ ಆಗ್ನೇಯಕ್ಕಿರುವ ಕೆರೆದಡದ ಊರು. 325ರಲ್ಲಿ ಕ್ರೈಸ್ತ ಧರ್ಮಸಭೆ ನಡೆದ ನೈಸಿಯಾ ಅದೇ. ಅಲ್ಲಿಯ ಟೈಲು ನಮ್ಮ ಕುಂಬಾರಿಕೆಯ ಮಣ್ಣಿನದಲ್ಲ. ಬಹುಪಾಲು ಬೆಣಚುಕಲ್ಲಿನ ಪುಡಿ. ಅದನ್ನು ಹಿಡಿದಿಡಲು ಗಾಜಿನ ಪುಡಿ, ಒಂದಿಷ್ಟು ಬಿಳಿ ಜೇಡಿ. ಹದ ತಪ್ಪಿದರೆ ಒಣಗುವಾಗಲೇ ಸೀಳು. ಹಲಗೆಯಂಥ ಆ ಬಿಲ್ಲೆಗೆ ನುಣ್ಣನೆಯ ಬಿಳಿ ಲೇಪ ಕೊಡುತ್ತಾರೆ. ಅದರ ಮೇಲೆ ಚಿತ್ರದ ಕಾಗದವಿಟ್ಟು, ರೇಖೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ ತೂತುಗಳ ಮೂಲಕ ಇದ್ದಿಲ ಪುಡಿ ತಟ್ಟುತ್ತಾರೆ, ನಮ್ಮ ರಂಗೋಲಿ ಅಚ್ಚಿನಿಂದ ಪುಡಿ ಇಳಿಸಿದ ಹಾಗೆಯೇ. ಚುಕ್ಕಿಗಳನ್ನು ಕೂಡಿಸಿ ಕುಂಚದಿಂದ ಕಪ್ಪು ಗೆರೆ, ಗೆರೆಯೊಳಗೆ ಬಣ್ಣ, ಮೇಲೆ ಪಾರದರ್ಶಕ ಗಾಜಿನ ಲೇಪ, ಆಮೇಲೆ ಭಟ್ಟಿ. ಹೂಗಳು ಮಾತ್ರ ಕುಂಬಾರರ ಕಲ್ಪನೆಯಲ್ಲ. ಅವು ಅರಮನೆಯ ಚಿತ್ರಶಾಲೆಯಿಂದ ಬಂದವು. ಬಾಗುಎಲೆಯ ಶೈಲಿಯನ್ನು ಬೆಳೆಸಿದವನು ತಬ್ರೀಜಿನಿಂದ ಬಂದ ಶಾಕುಲು. ಅವನ ನಂತರ ಚಿತ್ರಶಾಲೆಯ ಮುಖ್ಯಸ್ಥನಾದ ಕಾರಾ ಮೆಮಿ, ತೋಟದ ಹೂವನ್ನು ತೋಟದಲ್ಲಿರುವಂತೆಯೇ ಬರೆಯುವ ರೂಢಿ ತಂದ. ಒಂದೇ ಟ್ಯೂಲಿಪ್ ಪುಸ್ತಕದ ಅಂಚಿನಲ್ಲೂ ರೇಷ್ಮೆಯ ಮೇಲೂ ಟೈಲಿನಲ್ಲೂ ಕಾಣಿಸುವುದಕ್ಕೆ ಇದೇ ಕಾರಣ.

ಇಜ್ನಿಕ್ ಹಾಳಾದ ಬಗೆಯೂ ಇಸ್ತಾಂಬುಲ್‌ನಲ್ಲೇ ಬರೆದಿದೆ. ಅರಮನೆ ಟೈಲಿಗೆ ಒಂದು ಬೆಲೆ ಕಟ್ಟಿತ್ತು. ಪೇಟೆಯಲ್ಲಿ ಎಲ್ಲದರ ದರ ಏರಿದರೂ ಆ ಬೆಲೆ ಏರಲಿಲ್ಲ. ಕುಂಬಾರರು ಹೊರಗಿನವರಿಗೆ ತಟ್ಟೆ, ಹೂಜಿ ಮಾಡಿ ಮಾರಲು ಹೋದರೆ, ಮೊದಲು ಅರಮನೆಯ ಕೆಲಸ ಮುಗಿಸಿ ಎಂದು ಫರ್ಮಾನು ಬರುತ್ತಿತ್ತು. 1609ರಲ್ಲಿ ಕಟ್ಟಲು ತೊಡಗಿದ ಸುಲ್ತಾನ್ ಅಹ್ಮದ್ ಮಸೀದಿಗೆ 20,000ಕ್ಕೂ ಹೆಚ್ಚು ಟೈಲು ಬೇಕಾದವು. ಆ ಶತಮಾನದ ನಡುವೆ ಇಜ್ನಿಕ್‌ಗೆ ಹೋದ ಪ್ರವಾಸಿ ಎವ್ಲಿಯಾ ಚೆಲೆಬಿ ಅಲ್ಲಿ ಉಳಿದದ್ದು ಒಂಬತ್ತೇ ಕಾರ್ಖಾನೆ ಎಂದು ಬರೆದಿದ್ದಾನೆ. ಕಸುಬು ಕುತಾಹ್ಯಾ ಊರಿನಲ್ಲಿ ಬೇರೆ ರೂಪದಲ್ಲಿ ಮುಂದುವರಿಯಿತು. ಇಜ್ನಿಕ್‌ನಲ್ಲಿ ಹಳೆಯ ಬೆಣಚುಕಲ್ಲಿನ ಪಾಕವನ್ನು ಮತ್ತೆ ಕೈಗೆ ತಂದುಕೊಳ್ಳಲು 1993ರಲ್ಲಿ ಇಜ್ನಿಕ್ ಪ್ರತಿಷ್ಠಾನ ಶುರುವಾಯಿತು. ಈಗ ಆ ಊರಿನ ಬೀದಿಗಳಲ್ಲಿ ಭಟ್ಟಿಗಳು ಮತ್ತೆ ಉರಿಯುತ್ತಿವೆ.

ಹಾಗಾದರೆ ಇಜ್ನಿಕ್ ಟೈಲು ನೋಡಲು ‘ನೀಲಿ ಮಸೀದಿ’ ಎಂದೇ ಹೆಸರಾದ ಆ ಸುಲ್ತಾನ್ ಅಹ್ಮದ್ ಮಸೀದಿಗೆ ಹೋದರೆ ಸಾಲದೇ? ನನ್ನ ಮಟ್ಟಿಗೆ ಸಾಲದು. ಸುಲ್ತಾನ್ ಅಹ್ಮದ್ ಮಸೀದಿಯ ಒಳ್ಳೆಯ ಟೈಲುಗಳು ಇರುವುದು ಪ್ರವಾಸಿಗರನ್ನು ಬಿಡದ ಉಪ್ಪರಿಗೆಯಲ್ಲಿ; ಕೆಳಗೆ ನಿಂತವರು ಮೇಲೆ ನೋಡಿ ಬೆರಗಾಗುವ ಬಣ್ಣದಲ್ಲಿ ಬಹುಪಾಲು ಗೋಡೆಗೆ ಬಳಿದದ್ದು, ಟೈಲಲ್ಲ. ರುಸ್ತೆಮ್ ಪಾಷಾದಲ್ಲಿ ಹೂ ನಿಮ್ಮ ಮುಖದ ಎದುರಿಗಿದೆ. ಹತ್ತಿರದಿಂದ ಕಾಣುವುದರಿಂದ ಕುಂದುಗಳೂ ಕಾಣುತ್ತವೆ. ಒಂದು ಟೈಲಿನ ಬಳ್ಳಿ ಪಕ್ಕದ ಟೈಲಿನ ಬಳ್ಳಿಗೆ ಕೂಡದ ಜಾಗ, ಆಮೇಲೆ ಯಾರೋ ಸಿಕ್ಕಿದ್ದನ್ನು ತಂದು ಹಚ್ಚಿದ ತೇಪೆ. ಮಾಡಿದವರ ಕೈ ಎಲ್ಲಿ ಸರಾಗ, ಎಲ್ಲಿ ತಡವರಿಕೆ ಎಂದು ಓದಲು ಇದಕ್ಕಿಂತ ಒಳ್ಳೆಯ ಗೋಡೆ ಆ ಊರಿನಲ್ಲಿಲ್ಲ.

ಒಳಗೆ ಹೋಗಲು ಟಿಕೆಟ್ ಇಲ್ಲ. ಇದು ವಸ್ತುಸಂಗ್ರಹಾಲಯವಲ್ಲ, ಕೆಳಗಿನ ಅಂಗಡಿಯವರು ಗಲ್ಲಾ ಬಿಟ್ಟು ಬಂದು ನಮಾಜು ಮಾಡುವ ಮಸೀದಿ. ಹಾಗಾಗಿ ನಮಾಜಿನ ಹೊತ್ತು, ಅದರಲ್ಲೂ ಶುಕ್ರವಾರ ಮಧ್ಯಾಹ್ನ, ಹೋಗದಿರುವುದು ಮರ್ಯಾದೆ. ಚಪ್ಪಲಿ ಹೊರಗೆ ಬಿಡಬೇಕು, ಹೆಂಗಸರು ತಲೆಗೆ ಸೆರಗೋ ದುಪಟ್ಟಾವೋ ಹೊದೆಯಬೇಕು. ಟೈಲನ್ನು ಮುಟ್ಟಬೇಡಿ. ಬೆಳಗ್ಗೆ ಅಂಗಡಿಗಳು ತೆರೆದ ಸ್ವಲ್ಪ ಹೊತ್ತಿಗೆ ಹೋದರೆ ಜನ ಕಡಿಮೆ, ಮೆಟ್ಟಿಲೂ ಬೇಗ ಸಿಗುತ್ತದೆ. ಸಿಗದಿದ್ದರೆ ಯಾವುದೇ ಅಂಗಡಿಯವರನ್ನು ಕೇಳಿ, ತೋರಿಸುತ್ತಾರೆ.