ನಿಮಗಿದು ಗೊತ್ತೆ? ಏರ್‌ಗನ್ ಹಿಡಿಗೆ ಅಗಸಿ ಎಣ್ಣೆ

ಅಫಜಲಪುರ ಸೀಮೆಯ ಜಾತ್ರೆಗಳಲ್ಲಿ ಬಲೂನು ಒಡೆಯಲು ಕೊಡುವ ಏರ್‌ಗನ್‌ನಲ್ಲಿ ಮದ್ದು ಇರುವುದಿಲ್ಲ. ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿಯನ್ನು ಒತ್ತಿ ಗುಂಡನ್ನು ಹೊರದಬ್ಬುತ್ತದೆ. ಹಳೆಯ ಏರ್‌ಗನ್ನಿಗೆ ಹೊಸ ಕಳೆ ಕೊಡುವ ಹವ್ಯಾಸದಲ್ಲಿ ಹೆಚ್ಚಿನ ಕೆಲಸ ಮರದ ಹಿಡಿಯದು. ಹಳೆಯ ವಾರ್ನಿಷ್ ತೆಗೆದು, ಮರದ ಎಳೆಯ ಗುಂಟ ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಾರೆ. ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ಬಳಿಕ ಅಗಸಿ ಎಣ್ಣೆಯನ್ನು ತೆಳುವಾಗಿ, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಸವರಬೇಕು. ಕಲಬುರಗಿ ಜಿಲ್ಲೆಯ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಅದೇ ಅಗಸಿ. ಈ ಎಣ್ಣೆ ನೀರಿನಂತೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿ ಪೊರೆಯಾಗುತ್ತದೆ. ಆಗ ಶಾಖ ಹುಟ್ಟುವುದರಿಂದ, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಬಯಲಲ್ಲಿ ಒಣಹಾಕಲೇಬೇಕು.

ನಳಿಗೆಯ ಕಪ್ಪು-ನೀಲಿ ಹೊಳಪು ಬಣ್ಣವಲ್ಲ, ಉಕ್ಕಿನ ಮೇಲಿನ ತೆಳು ಆಕ್ಸೈಡ್ ಪದರ. ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ.

ಬಿಗಿ ಸ್ಪ್ರಿಂಗ್ ಹಾಕಿ ಬಲ ಹೆಚ್ಚಿಸುವುದು ಮಾತ್ರ ಬೇರೆಯೇ ಸಂಗತಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಗುಂಡಿನ ಶಕ್ತಿ 20 ಜೌಲ್ ಅಥವಾ ನಳಿಗೆಯ ಒಳವ್ಯಾಸ 0.177 ಇಂಚು (ಸುಮಾರು 4.5 ಮಿ.ಮೀ.) ಮೀರಿದ ಏರ್‌ಗನ್ನಿಗೆ ಪರವಾನಗಿ ಕಡ್ಡಾಯ.