ಹೊಸ್ತಿಲು ದಾಟಿದ ಹುಡುಗಿಯರು

ಫುಟ್‌ಬಾಲ್ ಗಂಡುಮಕ್ಕಳ ಆಟ, ಅದರ ಸುದ್ದಿ ನಮಗ್ಯಾಕೆ ಎಂದು ಪುಟ ತಿರುವುವ ಮೊದಲು ಒಂದು ಗಳಿಗೆ ತಡೆಯಿರಿ, ಸೋದರಿಯರೆ. ಇದರಲ್ಲಿ ನಮ್ಮ ಹೆಣ್ಣುಮಕ್ಕಳ ಮಾತೂ ಇದೆ.

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಸಂಜೆಯಾದರೆ ಬಯಲಿನಲ್ಲಿ ಕಾಣುವುದು ಹೆಚ್ಚಾಗಿ ಕ್ರಿಕೆಟ್ಟೇ. ಆದರೂ ಮೊಬೈಲ್ ಹಿಡಿದು ಕೂತ ಮಗ "ಏಷ್ಯಾ ಕಪ್ ಅರ್ಹತಾ ಪಂದ್ಯ ಅದ, ಸುಮ್ಮನಿರವ್ವ" ಎಂದು ಗದರಿಸುವುದುಂಟು. ಹಾಗಂದರೆ ಏನು? ಶಾಲೆಯ ಕ್ರೀಡಾಕೂಟ ನೆನಪು ಮಾಡಿಕೊಳ್ಳಿ. ಸೇಡಂ ತಾಲೂಕಿನಲ್ಲಿ ಗೆದ್ದ ತಂಡ ಕಲಬುರಗಿಗೆ ಹೋಗುತ್ತದೆ, ಅಲ್ಲಿ ಗೆದ್ದದ್ದು ವಿಭಾಗ ಮಟ್ಟಕ್ಕೆ. ಇದೂ ಹಾಗೆಯೇ. ಏಷ್ಯಾ ಖಂಡದ ದೇಶಗಳೆಲ್ಲ ಕಪ್ಪಿಗೆ ಆಡಬೇಕೆನ್ನುತ್ತವೆ, ಆದರೆ ಜಾಗ ಇರುವುದು ಗಂಡಸರ ಕಪ್ಪಿನಲ್ಲಿ 24, ಹೆಂಗಸರದರಲ್ಲಿ 12 ತಂಡಗಳಿಗೆ ಮಾತ್ರ. ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವ ಆಟವೇ ಅರ್ಹತಾ ಪಂದ್ಯ.

ನಮ್ಮ ರಾಜ್ಯವೂ ಇಂಥ ಒಂದು ದಿನ ಕಂಡಿದೆ. 2017ರ ಅಕ್ಟೋಬರ್ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮಕಾವ್ ತಂಡವನ್ನು 4-1ರಿಂದ ಸೋಲಿಸಿ 2019ರ ಏಷ್ಯಾ ಕಪ್ಪಿಗೆ ಸೇರಿತು. ಅದೇ ಮೈದಾನದಲ್ಲಿ ಜೂನ್ ತಿಂಗಳಲ್ಲಿ ಕಿರ್ಗಿಸ್ತಾನದ ಮೇಲೆ ಸುನಿಲ್ ಛೆಟ್ರಿ ಹೊಡೆದ ಒಂದೇ ಗೋಲು ಗೆಲುವು ತಂದಿತ್ತು. ಆದರೆ 2027ರ ಕಪ್ಪಿನ ವೇಳೆಗೆ ನಸೀಬು ತಿರುಗಿತು. 2025ರ ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರದ ಎದುರು 1-2ರಿಂದ ಸೋತು ಗಂಡುಮಕ್ಕಳು ಹೊರಬಿದ್ದರು.

ಅದೇ ವರ್ಷ ಹೆಣ್ಣುಮಕ್ಕಳು ಏನು ಮಾಡಿದರು ಗೊತ್ತೇನ್ರಿ? ಥೈಲ್ಯಾಂಡಿನ ಚಿಯಾಂಗ್ ಮಾಯ್ ಊರಿಗೆ ಹೋಗಿ ಮಂಗೋಲಿಯಾಕ್ಕೆ 13, ತಿಮೋರ್‌ಗೆ 4, ಇರಾಕಿಗೆ 5 ಗೋಲು ಹೊಡೆದರು. ತಾವು ಒಂದೂ ಬಿಟ್ಟುಕೊಡಲಿಲ್ಲ. ಥೈಲ್ಯಾಂಡ್ ಹತ್ತಿರವೂ ಅಷ್ಟೇ ಗೆಲುವು, ಅಷ್ಟೇ 22 ಗೋಲು. ಗುಂಪಿನಿಂದ ಮುಂದೆ ಹೋಗುವವರು ಒಬ್ಬರೇ. ಹಾಗಾಗಿ ಜುಲೈ 5ರ ಕೊನೆಯ ಆಟವೇ ನಿರ್ಣಾಯಕ. ಎದುರಾಳಿ ಎರಡು ಸಲ ವಿಶ್ವಕಪ್ ಆಡಿದ ತಂಡ, ಆಡುವುದೂ ಅವರ ಅಂಗಳದಲ್ಲೇ. ಆದರೂ ಸಂಗೀತಾ ಬಾಸ್ಫೋರ್ ಹೊಡೆದ ಎರಡು ಗೋಲುಗಳಿಂದ ಭಾರತ 2-1ರಿಂದ ಗೆದ್ದು 2026ರ ಕಪ್ಪಿಗೆ ಅರ್ಹವಾಯಿತು.

ಮೊದಲು ಕೋಳಿಕ್ಕೋಡಿನಲ್ಲಿ, ಮತ್ತೆ 1983ರಲ್ಲಿ ನಮ್ಮ ಹೆಂಗಸರು ಏಷ್ಯಾದಲ್ಲಿ ಎರಡನೇ ಸ್ಥಾನ ಪಡೆದಿದ್ದರು. ಆಗ ಅರ್ಹತಾ ಪಂದ್ಯಗಳೇ ಇರಲಿಲ್ಲ. 2022ರಲ್ಲಿ ಕಪ್ ನಮ್ಮ ದೇಶದಲ್ಲೇ ನಡೆದರೂ ಕೋವಿಡ್ ತಗುಲಿ ತಂಡ ನಡುವೆಯೇ ಹಿಂದೆ ಸರಿಯಬೇಕಾಯಿತು. ಅರ್ಹತಾ ಪಂದ್ಯ ಗೆದ್ದು ಒಳಗೆ ಹೋದದ್ದು 2025ರಲ್ಲೇ ಮೊದಲು.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ನಮ್ಮ ಓಣಿಯ ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ತಾಲೂಕು ಮಟ್ಟದ ಆಟಕ್ಕೆ ಆಯ್ಕೆಯಾದಳು. "ದೊಡ್ಡಾಕಿ ಆಗ್ಯಾಳ, ಇನ್ನ ಚಡ್ಡಿ ಹಾಕ್ಕೊಂಡು ಓಡೋದು ಬ್ಯಾಡ" ಎಂದು ಅಜ್ಜಿ ಹಠ ಹಿಡಿದರು. ಅವರ ಸೊಸೆ ನನ್ನ ಹತ್ತಿರ ಬಂದು, "ವೈನಿ, ನಾ ಏನ್ ಮಾಡ್ಲಿ?" ಎಂದು ಕಣ್ಣೀರು ಹಾಕಿದಳು. ನಾನು ಹೇಳಿದೆ: "ಅತ್ತಿ ಜೋಡಿ ಜಗಳ ಆಡಬ್ಯಾಡ. ಉದ್ದ ಪ್ಯಾಂಟ್ ಹಾಕಿ ಕಳಿಸು, ಅವರನ್ನೂ ಕರ್ಕೊಂಡು ನೋಡಾಕ ಹೋಗು." ಅಜ್ಜಿ ಹೋದರು. ಹುಡುಗಿಯ ತಂಡ ಸೋತಿತು. ಆದರೆ ಮನೆಗೆ ಬಂದ ಅಜ್ಜಿ, "ಆ ಊರ ಹುಡುಗಿ ನಮ್ಮಾಕಿಗೆ ಬೇಕಂತ ಕಾಲು ಕೊಟ್ಟಳು" ಎಂದು ವಾರವೆಲ್ಲ ಬೈದರಂತೆ! ಹುಡುಗಿ ಈಗಲೂ ಆಡುತ್ತಿದ್ದಾಳೆ.

ಮಗಳು ಆಡುವವಳಾದರೆ ಕೆಲವು ಮಾತು ನೆನಪಿರಲಿ. ಹೊಟ್ಟೆ ತುಂಬಾ ಉಂಡು ಕೂಡಲೇ ಮೈದಾನಕ್ಕೆ ಕಳಿಸಬೇಡಿ, ಎರಡು ತಾಸು ಬಿಡಲಿ. ನಮ್ಮ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ, ಮೊಸರು ಸಾಕು, ಡಬ್ಬಿಯ ಪುಡಿ ಬೇಕಿಲ್ಲ. ಆಟ ಮುಗಿಸಿ ಬಂದ ಮೇಲೆ ಶೇಂಗಾ ಬೆಲ್ಲದ ಉಂಡೆ ಕೊಡಿ. ನಮ್ಮ ಕಡೆಯ ಬಿಸಿಲಿಗೆ ಉಪ್ಪು ಸಕ್ಕರೆ ಹಾಕಿದ ಲಿಂಬು ಪಾನಕ ಬಾಟಲಿಯಲ್ಲಿರಲಿ. ಮುಟ್ಟಿನ ದಿನಗಳಲ್ಲಿ ಅವಳಿಗೆ ಆಗುವುದಾದರೆ ಆಡಬಹುದು, ಚೀಲದಲ್ಲಿ ಎರಡು ಪ್ಯಾಡು ಹೆಚ್ಚು ಇಡಿ. ಸದಾ ಸುಸ್ತು, ಮುಖ ಬಿಳಿಚಿದ್ದರೆ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ. ಸಂಜೆ ಒಬ್ಬಳೇ ಬರುವ ಚಿಂತೆಯಿದ್ದರೆ ನಾಲ್ಕು ಮನೆಯ ತಾಯಂದಿರು ಸೇರಿ ಸರದಿಯ ಮೇಲೆ ಕರೆತನ್ನಿರಿ.

ಈ ಸಲ ಶಾಲೆಯಿಂದ ಕ್ರೀಡಾಕೂಟದ ಚೀಟಿ ಬಂದರೆ, ಮನೆಯಲ್ಲಿ ಎಲ್ಲರೂ ಬ್ಯಾಡ ಅನ್ನುವ ಮುಂಚೆ ಒಮ್ಮೆ ಮಗಳನ್ನೇ ಕೇಳಿ ನೋಡಿ.